ದೇವಾಲಯದ ಆಸನ ವ್ಯವಸ್ಥೆ: ಒಂದು ಇತಿಹಾಸಾವಲೋಕನ

ಹೊಸ ದೇವಾಲಯದ ನಕ್ಷೆ ಕೈಸೇರಿದೊಡನೆ ನಮ್ಮ ದೃಷ್ಟಿ ಮೊದಲು ಹರಿಯುವುದು ಗೋಪುರದ ಎತ್ತರಕ್ಕೆ, ಕಮಾನುಗಳ ಚೆಲುವಿಗೆ. ಆದರೆ ಭಕ್ತವಿಶ್ವಾಸಿಗಳು ಎಲ್ಲಿ, ಹೇಗೆ ಕುಳಿತುಕೊಳ್ಳುವರೆಂಬುದೇ ಆ ನಕ್ಷೆಯ ಜೀವಾಳ. ಧರ್ಮಸಭೆಯ ಇತಿಹಾಸವೇ ಇದಕ್ಕೆ ಸಾಕ್ಷಿ.

ಆದಿ ಕ್ರೈಸ್ತರು ಮನೆಗಳಲ್ಲಿ ರೊಟ್ಟಿ ಮುರಿಯಲು ಸೇರುತ್ತಿದ್ದರು. ಸಿರಿವಂತನಿಗೆ ಉತ್ತಮ ಆಸನವನ್ನೂ ಬಡವನಿಗೆ ಕಾಲಬುಡವನ್ನೂ ತೋರಿಸುವ ಪಕ್ಷಪಾತವನ್ನು ಸಂತ ಯಕೋಬರು ತಮ್ಮ ಪತ್ರದ 2ನೆಯ ಅಧ್ಯಾಯದಲ್ಲಿಯೇ ಖಂಡಿಸಿದ್ದಾರೆ. 4ನೆಯ ಶತಮಾನದಲ್ಲಿ ಬೃಹತ್ ಬೆಸಿಲಿಕಗಳು ತಲೆಯೆತ್ತಿದವು. ಅಲ್ಲಿ ಜನರು ನಿಂತೇ ಪೂಜೆಯಲ್ಲಿ ಭಾಗವಹಿಸುತ್ತಿದ್ದರು. ಮಧ್ಯಯುಗದ ಅನೇಕ ದೇವಾಲಯಗಳಲ್ಲಿ ಅಶಕ್ತರಿಗಿದ್ದ ಆಸರೆಯೆಂದರೆ ಗೋಡೆಯಂಚಿನ ಕಲ್ಲುಜಗಲಿ ಮಾತ್ರ. ಯುರೋಪಿನಲ್ಲಿ ಮರದ ಬೆಂಚುಗಳು ವ್ಯಾಪಕವಾಗಿ ಬಂದುದು 15ನೆಯ ಶತಮಾನದಿಂದೀಚೆಗೆ. ಅವುಗಳ ಹಿಂದೆಯೇ ಬೆಂಚಿನ ಬಾಡಿಗೆಯೂ ಬಂದಿತು. ಹಣವುಳ್ಳವರಿಗೆ ಮುಂದಿನ ಸಾಲು, ಬಡವರಿಗೆ ಹಿಂದಿನ ಮೂಲೆ.

ನಮ್ಮ ದೇಶದಲ್ಲಿ ಹಣದ ಸ್ಥಾನವನ್ನು ಜಾತಿ ಆಕ್ರಮಿಸಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಪೂರ್ಣಗೊಂಡ ದೇವಾಲಯಕ್ಕೆ ಎರಡು ಪ್ರತ್ಯೇಕ ಅಂಗಗಳಿದ್ದವು. ವೆಳ್ಳಾಳರು ಒಂದರಲ್ಲಿ, ನಾಡಾರರು ಇನ್ನೊಂದರಲ್ಲಿ. ಎರಡೂ ಕೂಡುತ್ತಿದ್ದುದು ಬಲಿಪೀಠದ ಬಳಿ ಮಾತ್ರ. 1910ರಲ್ಲಿ ಆ ತಡೆಯನ್ನು ಕೆಡವಲಾಯಿತು. ವ್ಯಾಜ್ಯವು ಮದರಾಸಿನ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಜಾತಿಯ ಹೆಸರಿನಲ್ಲಿ ಕೇಳಿದ ಪ್ರತ್ಯೇಕ ಸ್ಥಳದ ಹಕ್ಕನ್ನು ನ್ಯಾಯಾಲಯ ಮನ್ನಿಸಲಿಲ್ಲ. ಒಂದೇ ಪರಮಪ್ರಸಾದವನ್ನು ಸ್ವೀಕರಿಸುವವರ ನಡುವೆ ನಕ್ಷೆಯ ಒಂದು ಗೆರೆ ಎಂತಹ ಕಂದರವನ್ನು ತೋಡಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಪೂಜಾವಿಧಿ ಸಂವಿಧಾನದಲ್ಲಿ, ಆರಾಧನೆಯೊಳಗೆ ವ್ಯಕ್ತಿಗಳಿಗಾಗಲಿ ವರ್ಗಗಳಿಗಾಗಲಿ ವಿಶೇಷ ಮರ್ಯಾದೆ ಸಲ್ಲದೆಂದು ವಿಧಿಸಿತು. 1964ರ ನಿರ್ದೇಶನವು ಖಾಸಗಿ ವ್ಯಕ್ತಿಗಳಿಗೆ ಆಸನ ಕಾದಿರಿಸುವ ರೂಢಿಯನ್ನು ತೆಗೆದುಹಾಕಬೇಕೆಂದಿತು. ಎಲ್ಲರೂ ಕಣ್ಣಿನಿಂದಲೂ ಮನಸ್ಸಿನಿಂದಲೂ ಪೂಜೆಯಲ್ಲಿ ಪಾಲ್ಗೊಳ್ಳುವಂತೆ ಸ್ಥಳ ಏರ್ಪಡಿಸಬೇಕೆಂದಿತು. 1969ರಲ್ಲಿ ಭಾರತಕ್ಕೆ ದೊರೆತ ಅನುಮತಿಯ ಪ್ರಕಾರ, ನಮ್ಮ ನಾಡಿನ ಪದ್ಧತಿಯಂತೆ ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸಲೂಬಹುದು.

ಶತಮಾನೋತ್ಸವದ ಈ ಸಂದರ್ಭದಲ್ಲಿ ಹೊಸ ಆಲಯದ ನಕ್ಷೆಯನ್ನು ಮುಂದಿಟ್ಟುಕೊಂಡಿರುವ ನಾವು ಈ ಪಾಠವನ್ನು ಮರೆಯಲಾಗದು. ಬೆಂಚುಗಳ ಮೇಲೆ ದಾನಿಗಳ ಹೆಸರು ಕೆತ್ತಿಸುವುದು ಬೇಡ. ಬಲಿಪೀಠವೂ ವಾಚನಪೀಠವೂ ಕಂಬಗಳ ಮರೆಯಾಗದಿರಲಿ. ಮಕ್ಕಳಿಗೆ ಮುಂದೆ ಚಾಪೆಯಿರಲಿ; ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲ ಬಳಿಯಲ್ಲ, ಸಭೆಯ ನಡುವೆಯೇ ಎಡೆಯಿರಲಿ. ಕೊನೆಯಲ್ಲಿ ಬಂದ ಬಡವನೂ ಇದು ತನ್ನ ತಂದೆಯ ಮನೆಯೆಂದು ನಿಸ್ಸಂಕೋಚವಾಗಿ ಕುಳಿತುಕೊಳ್ಳುವಂತಾದರೆ, ನಮ್ಮ ದೇವಾಲಯ ನಿಜಕ್ಕೂ ಪೂರ್ಣಗೊಂಡಂತೆ.