ಬಾಣಂತಿ ಮತ್ತು ನವಜಾತ ಶಿಶುವಿನ ಆರೈಕೆ: ಆಶಾ ಕಾರ್ಯಕರ್ತೆಯರ ಮನೆ ಭೇಟಿ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2005ರಲ್ಲಿ ಆಶಾ ಯೋಜನೆ ಆರಂಭವಾಯಿತು. ಬೆಳಗಾವಿ ಜಿಲ್ಲೆ ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯ ಸುತ್ತಲಿನ ಗ್ರಾಮಗಳೂ ಸೇರಿದಂತೆ ಗ್ರಾಮೀಣ ಪ್ರದೇಶಗಳಲ್ಲಿ ಸಾಮಾನ್ಯವಾಗಿ 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಮಹಿಳೆಯನ್ನು ಆಶಾ ಕಾರ್ಯಕರ್ತೆಯಾಗಿ ಆಯ್ಕೆ ಮಾಡಲಾಗುತ್ತದೆ.

ಭೇಟಿಯ ದಿನಗಳು: ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ 3, 7, 14, 21, 28 ಮತ್ತು 42ನೇ ದಿನಗಳಂದು, ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲನೆಯ ದಿನವೂ ಭೇಟಿ ನೀಡಲಾಗುತ್ತದೆ. ಶಿಶುವಿನ ತೂಕ ಹಾಗೂ ದೇಹದ ಉಷ್ಣತೆಯನ್ನು ಅಳೆದು, ತಾಯಿಯ ಆರೋಗ್ಯವನ್ನೂ ವಿಚಾರಿಸಲಾಗುತ್ತದೆ.

ಅಪಾಯದ ಚಿಹ್ನೆಗಳು: ಶಿಶು ಹಾಲು ಕುಡಿಯದಿರುವುದು, ವೇಗವಾದ ಉಸಿರಾಟ, ಮೈ ತಣ್ಣಗಾಗುವುದು ಅಥವಾ ಜ್ವರ, ಫಿಟ್ಸ್, ಹೊಕ್ಕುಳಲ್ಲಿ ಕೀವು, ತಾಯಿಗೆ ಅತಿಯಾದ ರಕ್ತಸ್ರಾವ. ಇವುಗಳಲ್ಲಿ ಒಂದು ಕಂಡುಬಂದರೂ ಮುಂದಿನ ಭೇಟಿಗೆ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಶಿಶುವಿಗೆ ಚಿಕಿತ್ಸೆ, ಔಷಧಿ ಹಾಗೂ ವಾಹನ ಸೌಲಭ್ಯ ಉಚಿತವಾಗಿರುತ್ತದೆ.

ತವರಿಗೆ ತೆರಳುವವರ ಗಮನಕ್ಕೆ: ಬಾಣಂತನಕ್ಕೆಂದು ತವರಿಗೆ ಹೋದಾಗ ಗಂಡನ ಊರಿನ ಆಶಾ ಕಾರ್ಯಕರ್ತೆಯ ಭೇಟಿಗಳು ತಪ್ಪಿಹೋಗುವ ಸಂಭವವಿರುತ್ತದೆ. ಆದುದರಿಂದ ತೆರಳುವ ಮುನ್ನ ಅವರಿಗೆ ತಿಳಿಸಿ, ತವರೂರನ್ನು ತಲುಪಿದ ಕೂಡಲೇ ಅಲ್ಲಿಯ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡನ್ನು ತೋರಿಸಬೇಕೆಂದು ಕುಟುಂಬದವರಲ್ಲಿ ಕೋರಲಾಗಿದೆ.