ಹಳೆ ಕಾರಿನ ಪಿಕಪ್ ಕಡಿಮೆಯಾಗಿದೆಯೇ? ಎಂಜಿನ್ ಬಿಚ್ಚಿಸುವ ಮುನ್ನ ಈ ಪರೀಕ್ಷೆಗಳನ್ನು ಮಾಡಿಸಿ

ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕಾರು ಸಿಟಿಯೊಳಗೆ ಚೆನ್ನಾಗಿಯೇ ಓಡುತ್ತದೆ. ಮುಂಬೈಯಿಂದ ಊರಿಗೆ ಹೊರಟು ಖಂಡಾಲಾ ಘಾಟಿ ಏರುವಾಗ ಮಾತ್ರ ಅದರ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಆಕ್ಸಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದರೆ ‘ಎಂಜಿನ್ ಕೆಲಸ ಬಂದಿದೆ, ಬಿಚ್ಚಬೇಕು’ ಎಂಬ ಉತ್ತರ ಸಿಗುತ್ತದೆ. ಕಾರಿನ ಬೆಲೆಯೇ ಒಂದೆರಡು ಲಕ್ಷ ಇರುವಾಗ ಇದು ಸಣ್ಣ ಮಾತಲ್ಲ.

ಆದರೆ ಪಿಕಪ್ ಕುಸಿಯಲು ಎಂಜಿನ್ ಸವೆತವೇ ಕಾರಣ ಆಗಿರಬೇಕಿಲ್ಲ. ಕಡಿಮೆ ಖರ್ಚಿನ ಪರೀಕ್ಷೆಯಿಂದ ಶುರು ಮಾಡಿ, ಒಂದೊಂದೇ ಕಾರಣವನ್ನು ಬದಿಗಿಡುತ್ತಾ ಹೋಗುವುದು ಸರಿಯಾದ ದಾರಿ. ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಲ್ಲಿ ಅದನ್ನು ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ.

ಇದು ನಿಜಕ್ಕೂ ದೋಷವೇ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ಮುಂಬೈ, ಚೆನ್ನೈಗೆ ಹೋಲಿಸಿದರೆ ಶೇ.10ರ ಆಸುಪಾಸು ಕಡಿಮೆ ಶಕ್ತಿ ಕೊಡುತ್ತದೆ. ಸಿಎನ್‌ಜಿಯಲ್ಲಿ ಓಡುವಾಗಲೂ ಪಿಕಪ್ ಸ್ವಲ್ಪ ಇಳಿಯುವುದು ಸಹಜ. ಅನಿಲವೇ ಎಂಜಿನ್ನಿನೊಳಗೆ ಹೆಚ್ಚು ಜಾಗ ಹಿಡಿಯುವುದರಿಂದ ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ. ಸಣ್ಣ ಎಂಜಿನ್ ಕಾರಿನಲ್ಲಿ ಎಸಿ ಹಾಕಿದಾಗಲೂ ವ್ಯತ್ಯಾಸ ಗೊತ್ತಾಗುತ್ತದೆ.

ಅದೇ ರಸ್ತೆಯಲ್ಲಿ, ಅಷ್ಟೇ ಜನರಿದ್ದಾಗ, ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ಕಾರು ಈಗ ಎರಡನೇ ಗೇರ್ ಕೇಳುತ್ತಿದ್ದರೆ ಅದು ದೋಷ. ಕಾರನ್ನು ಈಚೆಗಷ್ಟೇ ಕೊಂಡಿದ್ದರೆ ಅದೇ ಮಾದರಿಯ ಇನ್ನೊಂದು ಕಾರನ್ನು ಓಡಿಸಿ ಹೋಲಿಸಿ ನೋಡಿ.

ತೊಂದರೆ ಯಾವಾಗ ಬರುತ್ತದೆ?

ಮೆಕ್ಯಾನಿಕ್‌ಗೆ ‘ಪಿಕಪ್ ಇಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಈ ಲಕ್ಷಣಗಳನ್ನು ಗಮನಿಸಿ ತಿಳಿಸಿ:

• ಎಂಜಿನ್ ನಡುಗುತ್ತಾ, ಕಾರು ಜರ್ಕ್ ಹೊಡೆಯುತ್ತಿದ್ದರೆ: ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಮೇಲೆ ಮೊದಲ ಅನುಮಾನ.
• ನಿಧಾನವಾಗಿ ಹೋಗುವಾಗ ಸರಿಯಿದ್ದು, ಏರಿನಲ್ಲಿ ಅಥವಾ ವೇಗದಲ್ಲಿ ಉಸಿರು ಕಟ್ಟಿದಂತಾದರೆ: ಇಂಧನ ಸಾಲುತ್ತಿಲ್ಲ, ಇಲ್ಲವೇ ಹೊಗೆ ಹೊರಹೋಗುವ ದಾರಿ ಕಟ್ಟಿದೆ.
• ಬಿಸಿಯಾದ ನಂತರ ಮಾತ್ರ ತೊಂದರೆ ಬಂದರೆ: ಕಾಯಿಲ್, ಫ್ಯುಯೆಲ್ ಪಂಪ್ ಅಥವಾ ಯಾವುದಾದರೂ ಸೆನ್ಸರ್ ಕಾರಣವಿರಬಹುದು.
• ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ: ಕ್ಲಚ್.

ಕ್ಲಚ್, ಬ್ರೇಕ್ ಮೊದಲು ನೋಡಿ

ಎಂಜಿನ್ ಚೆನ್ನಾಗಿದ್ದರೂ ಅದರ ಶಕ್ತಿ ಚಕ್ರಕ್ಕೆ ತಲುಪದೇ ಇರಬಹುದು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿದ್ದಾಗ ಆಕ್ಸಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಥಟ್ಟನೆ ಏರಿ ವೇಗ ಹಾಗೆಯೇ ಉಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಬ್ರೇಕ್ ಹೆಚ್ಚು ಬಳಸದೆ ಕೆಲವು ಕಿ.ಮೀ. ಓಡಿಸಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ ಹತ್ತಿರ ಕೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆ ಇದೆ.

ಗಾಳಿ, ಕಿಡಿ, ಇಂಧನ

ಏರ್ ಫಿಲ್ಟರ್ ಬದಲಿಸಲು ಕೆಲವು ನೂರು ರೂಪಾಯಿ ಸಾಕು. ಅದು ಧೂಳಿನಿಂದ ಕಟ್ಟಿದೆಯೇ, ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿದೆಯೇ, ಗಾಳಿಯ ಪೈಪ್ ಬಿರುಕು ಬಿಟ್ಟಿದೆಯೇ ನೋಡಿಸಿ.

ನಂತರ ಪ್ಲಗ್. ಎಂಜಿನ್ ತಣ್ಣಗಿದ್ದಾಗ ಬಿಚ್ಚಿಸಿ. ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಎಣ್ಣೆ ಅಂಟಿದ್ದರೆ ಆಯಿಲ್ ಸೋರಿಕೆಯ ಸೂಚನೆ.

ಇವೆರಡೂ ಸರಿಯಿದ್ದರೆ ಫ್ಯುಯೆಲ್ ಫಿಲ್ಟರ್ ಮತ್ತು ಪಂಪಿನ ಒತ್ತಡವನ್ನು ಗೇಜ್ ಹಾಕಿ ಅಳೆಯಬೇಕು. ಈಗ ಎಲ್ಲರೂ ಇ20 ಪೆಟ್ರೋಲನ್ನು ದೂರುತ್ತಾರೆ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹೀಗಾಗಿ ಮೈಲೇಜ್ ಸ್ವಲ್ಪ ಇಳಿಯಬಹುದು. ಆದರೆ ಪಿಕಪ್ ಒಮ್ಮೆಲೇ ಕುಸಿದಿದ್ದರೆ ಇ20 ಒಂದೇ ಅದಕ್ಕೆ ಕಾರಣವಲ್ಲ.

ಸಿಎನ್‌ಜಿ ಕಾರಿನವರಿಗೆ ಒಂದು ಸುಲಭ ಪರೀಕ್ಷೆ

ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಬದಲಿಸಿ ಅದೇ ಏರನ್ನು ಹತ್ತಿಸಿ. ಪೆಟ್ರೋಲ್‌ನಲ್ಲಿ ಚೆನ್ನಾಗಿ ಎಳೆದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಟ್ಯೂನಿಂಗ್ ನೋಡಿಸಿ. ಪ್ಲಗ್‌ಗಳನ್ನೂ ಮರೆಯಬೇಡಿ. ಸಿಎನ್‌ಜಿಗೆ ಬಲವಾದ ಕಿಡಿ ಬೇಕಾಗುವುದರಿಂದ ಸವೆದ ಪ್ಲಗ್ ಮೊದಲು ಗ್ಯಾಸ್‌ನಲ್ಲೇ ತೊಂದರೆ ಕೊಡುತ್ತದೆ. ಎರಡರಲ್ಲೂ ಎಳೆಯದಿದ್ದರೆ ದೋಷ ಎರಡಕ್ಕೂ ಸಮಾನವಾದ ಭಾಗದಲ್ಲಿದೆ.

ಸ್ಕ್ಯಾನರ್ ಏನು ಹೇಳುತ್ತದೆ?

2013ರ ಏಪ್ರಿಲ್ ನಂತರ ತಯಾರಾದ ಬಿಎಸ್4 ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆ ಇರುತ್ತದೆ. ಪಿ0301 ಕೋಡ್ ಬಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದರ್ಥ. ಆ ಕಾಯಿಲನ್ನು ಬೇರೆ ಸಿಲಿಂಡರಿಗೆ ಹಾಕಿದಾಗ ಕೋಡ್ ಕೂಡ ಅಲ್ಲಿಗೆ ಹೋದರೆ ಕಾಯಿಲ್ ಕೆಟ್ಟಿದೆ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಪೈಪ್ ಸೋರಿಕೆಯಿಂದ ಹಿಡಿದು ದುರ್ಬಲ ಪಂಪ್‌ವರೆಗೆ ಇದಕ್ಕೆ ಹಲವು ಕಾರಣಗಳಿವೆ. ಕೋಡ್ ಬಂತೆಂದು ಕೂಡಲೇ ಸೆನ್ಸರ್ ಬದಲಿಸಬೇಡಿ.

ಮಿಸ್‌ಫೈರ್ ಇದ್ದರೂ ತಿಂಗಳುಗಟ್ಟಲೆ ಓಡಿಸಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅದನ್ನು ಅತಿಯಾಗಿ ಬಿಸಿ ಮಾಡುತ್ತದೆ. ಅದರ ಒಳಭಾಗ ಕರಗಿ ಹೊಗೆಯ ದಾರಿ ಮುಚ್ಚಬಹುದು. ಪ್ಲಗ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಹೀಗೆ ಹಲವು ಪಟ್ಟು ಬೆಳೆಯುತ್ತದೆ. ಆಕ್ಸಿಜನ್ ಸೆನ್ಸರ್ ಜಾಗದಲ್ಲಿ ಗೇಜ್ ಹಾಕಿ ಬ್ಯಾಕ್ ಪ್ರೆಷರ್ ನೋಡಿದರೆ ಇದು ಪತ್ತೆಯಾಗುತ್ತದೆ.

ಕೊನೆಯಲ್ಲಿ ಕಂಪ್ರೆಷನ್ ಟೆಸ್ಟ್

ಎಂಜಿನ್ ಬಿಚ್ಚಲು ಒಪ್ಪುವ ಮುನ್ನ ಈ ಪರೀಕ್ಷೆ ಕೇಳಲೇಬೇಕು. ಪ್ಲಗ್ ಜಾಗದಲ್ಲಿ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಅತಿ ಕಡಿಮೆ ರೀಡಿಂಗ್, ಅತಿ ಹೆಚ್ಚಿನದರ ಶೇ.75ಕ್ಕಿಂತ ಕೆಳಗಿದ್ದರೆ ಎಂಜಿನ್ನಿನಲ್ಲಿ ತೊಂದರೆ ಇದೆ ಎಂಬುದು ಸಾಮಾನ್ಯ ಲೆಕ್ಕ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ದೋಷ. ಎಲ್ಲ ಸಿಲಿಂಡರ್‌ಗಳೂ ಒಂದೇ ಸಮ ಕಡಿಮೆ ತೋರಿಸಿದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಜಾರಿದೆಯೇ ಎಂದೂ ನೋಡಬೇಕು. ರೀಡಿಂಗ್‌ಗಳನ್ನು ಬರೆದು ಕೊಡಲು ಹೇಳಿ. ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಲು ಅನುಕೂಲ.

ಗಮನಿಸಿ: ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ, ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಅಥವಾ ಪೆಟ್ರೋಲ್, ಗ್ಯಾಸ್ ವಾಸನೆ ಬಂದರೆ ಕಾರು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪಿಕಪ್ ಸರಿಹೋಗುವವರೆಗೆ ಎರಡು ಪಥದ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಬೇಡಿ. ಎದುರಿನಿಂದ ಲಾರಿ ಬರುತ್ತಿರುವಾಗ ಕಾರು ಎಳೆಯದಿದ್ದರೆ ಅಪಾಯ ತಪ್ಪಿದ್ದಲ್ಲ.