ಅರಳಗುಂಡಗಿಯ ಶರಣರ ಹೆಸರಿನಲ್ಲಿ ಬೆಳೆದ ವಿದ್ಯಾಕೇಂದ್ರ: ಜೇವರ್ಗಿಯ ಮಕ್ಕಳ ಕಾಲೇಜು ದಾರಿ

ಕರಾವಳಿಯಲ್ಲಿ ಶಾಲೆ, ಕಾಲೇಜು ಎಂದರೆ ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಕನ್ನಡ ಶಾಲೆಗಳನ್ನು ತೆರೆದರು. 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಹೀಗಾಗಿ ಮನೆಯ ಸಮೀಪದಲ್ಲೇ ಓದಿ ಮುಂದೆ ಬರುವ ಭಾಗ್ಯ ನಮ್ಮ ಹಿರಿಯರಿಗೆ ಬಹಳ ಬೇಗ ಸಿಕ್ಕಿತು. ರಾಜ್ಯದ ಇನ್ನೊಂದು ತುದಿಯಲ್ಲಿರುವ ಕಲಬುರಗಿ ಜಿಲ್ಲೆಯ ಜೇವರ್ಗಿಯಂತಹ ಊರುಗಳಿಗೆ ಈ ಅವಕಾಶ ತಡವಾಗಿ ಒದಗಿತು. ಇಂದು ನಮ್ಮ ಪದವಿಪೂರ್ವ ಕಾಲೇಜುಗಳ ಹಾಸ್ಟೆಲುಗಳಲ್ಲಿ ಆ ಕಡೆಯ ಮಕ್ಕಳನ್ನೂ ಕಾಣುತ್ತೇವೆ. ಐನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರುವ ಈ ಮಕ್ಕಳ ಊರಿನ ಶಿಕ್ಷಣದ ಚರಿತ್ರೆಯನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಊರು ಮತ್ತು ಶರಣರು

ಜೇವರ್ಗಿ ಕಲಬುರಗಿ ನಗರದ ದಕ್ಷಿಣಕ್ಕೆ, ಭೀಮಾ ನದಿಯ ಆಚೆಗಿದೆ. ತೊಗರಿ, ಜೋಳ, ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಸೀಮೆ ಇದು. ಅವಿಭಜಿತ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಗ್ರಾಮದಲ್ಲಿ 1746ರಲ್ಲಿ ಶರಣಬಸವೇಶ್ವರರು ಜನಿಸಿದರು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಇವರು ಹೊಲ ಕಾಯುವಾಗ ಹಕ್ಕಿಗಳನ್ನು ಓಡಿಸದೆ, ತೆನೆ ತಿಂದವಕ್ಕೆ ಕುಡಿಯಲು ನೀರನ್ನೂ ಇಡುತ್ತಿದ್ದರು ಎಂದು ಜನ ಇಂದಿಗೂ ಹೇಳುತ್ತಾರೆ. ಹಸಿದು ಬಂದವರಿಗೆ ಅನ್ನ ನೀಡುವ ದಾಸೋಹವೇ ಅವರ ಬದುಕಾಗಿತ್ತು. ಕಲಬುರಗಿಯಲ್ಲಿ ನೆಲೆನಿಂತ ಶರಣರು 1822ರಲ್ಲಿ ಲಿಂಗೈಕ್ಯರಾದರು. ಅಲ್ಲಿನ ಶರಣಬಸವೇಶ್ವರ ದೇವಾಲಯಕ್ಕೆ ಎಲ್ಲ ಜಾತಿ ಮತದ ಜನರೂ ನಡೆದುಕೊಳ್ಳುತ್ತಾರೆ.

ಉರ್ದುವಿನ ಕಾಲದಲ್ಲಿ ಕನ್ನಡದ ಶಾಲೆ

1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಮಾತನಾಡುವ ಮಗು ವಿದ್ಯಾವಂತನಾಗಬೇಕಾದರೆ ಮೊದಲು ಬೇರೊಂದು ಭಾಷೆಯ ಹೊಸ್ತಿಲು ದಾಟಬೇಕಾಗಿತ್ತು. ಹೆಣ್ಣುಮಕ್ಕಳ ಪಾಲಿಗೆ ಆ ಹೊಸ್ತಿಲು ಇನ್ನೂ ಎತ್ತರದಲ್ಲಿತ್ತು.

ಇಂತಹ ಕಾಲದಲ್ಲಿ ಕಲಬುರಗಿಯ ಕೆಲವು ಹಿರಿಯರು ಖಾಸಗಿಯಾಗಿ ಶಾಲೆಗಳನ್ನು ಕಟ್ಟಲು ಮುಂದಾದರು. 1907ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ಪೂಜ್ಯ ದೊಡ್ಡಪ್ಪ ಅಪ್ಪ ಅವರು ಮಹಾದೇವಿ ಕನ್ಯಾ ಪಾಠಶಾಲೆಯನ್ನು ತೆರೆದರು. ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಚರಿತ್ರೆ ಹೀಗೆ ಹೆಣ್ಣುಮಕ್ಕಳ ಕನ್ನಡ ಶಾಲೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ನಾವು ಇಲ್ಲಿ ವಿಶೇಷವಾಗಿ ಸ್ಮರಿಸುತ್ತೇವೆ. ಅನ್ನದಾಸೋಹದ ಪರಂಪರೆಗೆ ಅಂದಿನಿಂದ ಜ್ಞಾನದಾಸೋಹವೂ ಸೇರಿತು.

ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ

1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷಗಳ ನಂತರ, 1958ರಲ್ಲಿ, ಮಹಾದೇವಪ್ಪ ರಾಂಪುರೆ ಅವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದು 1958ರಲ್ಲೇ ಎಂಜಿನಿಯರಿಂಗ್ ಕಾಲೇಜನ್ನೂ 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಡಾಕ್ಟರ್, ಎಂಜಿನಿಯರ್ ಆಗಲು ಹೈದರಾಬಾದಿಗೇ ಹೋಗಬೇಕೆಂಬ ಕಾಲ ಮುಗಿಯಿತು. ಆದರೆ ಆ ಕಾಲೇಜುಗಳ ಬಾಗಿಲಿನವರೆಗೆ ಹಳ್ಳಿಯ ಮಕ್ಕಳನ್ನು ತಯಾರು ಮಾಡಿ ಕಳುಹಿಸುವ ಶಾಲೆಗಳು ಬೇಕಾಗಿದ್ದವು.

1983ರಲ್ಲಿ ಎಂಟನೆಯ ಪೀಠಾಧಿಪತಿಗಳಾದ ಡಾ. ಶರಣಬಸವಪ್ಪ ಅಪ್ಪ ಅವರ ಕಾಲದಲ್ಲಿ ಸಂಘವು ಬಹುಮುಖವಾಗಿ ಬೆಳೆಯಿತು. ಕನ್ನಡ ಶಾಲೆಗಳ ಜೊತೆಗೆ ಆಂಗ್ಲ ಮಾಧ್ಯಮ ಶಾಲೆಗಳು, ಮಹಿಳಾ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು ನಡೆದು ಬಂದವು. ಜಿಲ್ಲೆಯ ಜನ 'ಎಸ್.ಬಿ.ಆರ್.' ಎಂದೇ ಕರೆಯುವ ಶರಣಬಸವೇಶ್ವರ ವಸತಿ ಶಾಲೆ ಮತ್ತು ಅದರ ಪದವಿಪೂರ್ವ ಕಾಲೇಜು ವಿಜ್ಞಾನ ವಿಭಾಗಕ್ಕೆ ಹೆಸರಾಯಿತು. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. 2025ರ ಆಗಸ್ಟ್ 14ರಂದು ಪೂಜ್ಯ ಅಪ್ಪ ಅವರು ಲಿಂಗೈಕ್ಯರಾದಾಗ ಕಲ್ಯಾಣ ಕರ್ನಾಟಕವೇ ಕಂಬನಿ ಮಿಡಿಯಿತು.

ಪದವಿಪೂರ್ವದ ಎರಡು ವರ್ಷ

ಪಿಯುಸಿ ಎರಡು ವರ್ಷದ ಶಿಕ್ಷಣ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ವಿಜ್ಞಾನ ಓದುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ಸಾಮಾನ್ಯವಾಗಿ ಜೀವಶಾಸ್ತ್ರ ಅಥವಾ ಗಣಕ ವಿಜ್ಞಾನವನ್ನು ಆರಿಸಿಕೊಳ್ಳುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಮತ್ತು ಸಿಇಟಿ ಅಂಕ ಎರಡನ್ನೂ ಅರ್ಧರ್ಧ ಪರಿಗಣಿಸಲಾಗುತ್ತದೆ. ವೈದ್ಯಕೀಯಕ್ಕೆ ನೀಟ್ ಬರೆಯಬೇಕು. ಈ ಕಾರಣದಿಂದ ವಸತಿ ಕಾಲೇಜುಗಳಲ್ಲಿ ಬೋರ್ಡ್ ಪಾಠದ ಜೊತೆಗೇ ಪ್ರವೇಶ ಪರೀಕ್ಷೆಯ ತರಬೇತಿಯೂ ನಡೆಯುತ್ತದೆ.

ಇಲ್ಲೇ ಹಳ್ಳಿಯ ಮಗುವಿಗೆ ನಿಜವಾದ ಕಷ್ಟ ಎದುರಾಗುತ್ತದೆ. ಹತ್ತನೆಯ ತರಗತಿಯವರೆಗೆ ಅದು ಜಡತ್ವ, ಘರ್ಷಣೆ, ವಕ್ರೀಭವನ, ದ್ಯುತಿಸಂಶ್ಲೇಷಣೆ ಎಂದು ಓದಿರುತ್ತದೆ. ಜೂನ್ ತಿಂಗಳಲ್ಲಿ ಅದೇ ವಿಷಯ ಇನರ್ಷಿಯಾ, ಫ್ರಿಕ್ಷನ್, ರಿಫ್ರ್ಯಾಕ್ಷನ್, ಫೋಟೋಸಿಂಥೆಸಿಸ್ ಆಗಿ ಬರುತ್ತದೆ. ವಿಷಯ ತಿಳಿದಿದ್ದರೂ ಹೆಸರು ತಿಳಿಯದು. ಎಸ್ಸೆಸ್ಸೆಲ್ಸಿಯಲ್ಲಿ ಮುಂದಿದ್ದ ಹುಡುಗಿ ಮೊದಲ ಕಿರುಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾಳೆ. ತಾನು ದಡ್ಡಿ ಎಂದುಕೊಂಡು ವಿಜ್ಞಾನವನ್ನೇ ಬಿಡುತ್ತಾಳೆ. ಉರ್ದುವಿನ ಹೊಸ್ತಿಲು ಹೋಗಿ ಇಂಗ್ಲಿಷಿನ ಹೊಸ್ತಿಲು ಬಂದಿದೆ, ಅಷ್ಟೇ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಮೊದಲ ಕೆಲವು ತಿಂಗಳು ಎರಡೂ ಭಾಷೆಗಳಲ್ಲಿ ವಿವರಿಸುವುದು, ಪ್ರತಿ ಪಾಠಕ್ಕೂ ಕನ್ನಡ ಮತ್ತು ಇಂಗ್ಲಿಷ್ ಪದಗಳ ಪಟ್ಟಿ ಕೊಡುವುದು, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಸಂಕೋಚಪಡದಂತೆ ನೋಡಿಕೊಳ್ಳುವುದು, ಇವಿಷ್ಟು ಮಾಡಿದರೆ ಮಗು ಚೇತರಿಸಿಕೊಳ್ಳುತ್ತದೆ. ಶಾಲೆಗಳಲ್ಲಿ ವರ್ಷಾರಂಭದಲ್ಲಿ ನಡೆಯುವ ಸೇತುಬಂಧದಂತಹ ಕಾರ್ಯಕ್ರಮ ಪಿಯು ಹಂತದಲ್ಲಿ ಇನ್ನೂ ಹೆಚ್ಚು ಅಗತ್ಯ. ನೀಟ್ ಪರೀಕ್ಷೆಯನ್ನು 2017ರಿಂದಲೂ ಜೆಇಇ ಮುಖ್ಯ ಪರೀಕ್ಷೆಯನ್ನು 2021ರಿಂದಲೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಮುಂದಿನ ವೃತ್ತಿಶಿಕ್ಷಣದ ಪಾಠ ಇಂಗ್ಲಿಷಿನಲ್ಲೇ ಇರುವುದರಿಂದ ಎರಡೂ ಭಾಷೆಯ ಹಿಡಿತ ಬೇಕೇ ಬೇಕು.

ಕಾದಿರಿಸಿದ ಸೀಟು, ತಲುಪಬೇಕಾದ ಮಕ್ಕಳು

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಆ ಭಾಗದವರಿಗೆ ಮೀಸಲಾಗಿವೆ. ಇದು ದೊಡ್ಡ ಅನುಕೂಲ. ಆದರೆ ಪಿಯುಸಿ ವಿಜ್ಞಾನ ದಾಟದ ಮಗುವಿಗೆ ಆ ಸೀಟಿನಿಂದ ಏನು ಪ್ರಯೋಜನ? ನಗರದಲ್ಲಿ ಇಂಗ್ಲಿಷಿನಲ್ಲೇ ಓದಿದ ಮಗು ಅದನ್ನು ಸುಲಭವಾಗಿ ಪಡೆಯುತ್ತದೆ. ಭೀಮಾ ತೀರದ ಕನ್ನಡ ಶಾಲೆಯ ಮಗು ಹೊರಗೇ ಉಳಿಯುತ್ತದೆ. ಮೀಸಲಾತಿಯ ಫಲ ಹಳ್ಳಿಗೆ ತಲುಪುವುದು ಈ ಎರಡು ವರ್ಷಗಳ ಮೇಲೆ ನಿಂತಿದೆ.

ಆದ್ದರಿಂದ ಮಕ್ಕಳನ್ನು ವಸತಿ ಕಾಲೇಜಿಗೆ ಸೇರಿಸುವ ತಂದೆತಾಯಂದಿರು, ಜೇವರ್ಗಿಯವರಾಗಲಿ ಕರಾವಳಿಯವರಾಗಲಿ, ರ‍್ಯಾಂಕಿನ ಫಲಕ ನೋಡಿ ಮಾತ್ರ ನಿರ್ಧರಿಸಬಾರದು ಎಂದು ನಾವು ವಿನಂತಿಸುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪ್ರತ್ಯೇಕ ಪಾಠವಿದೆಯೇ, ಪ್ರಯೋಗಾಲಯ ದಿನವೂ ತೆರೆದಿರುತ್ತದೆಯೇ, ಹಾಸ್ಟೆಲಿನಲ್ಲಿ ಮಗುವಿನ ಮಾತು ಕೇಳುವವರು ಯಾರಿದ್ದಾರೆ, ಶುಲ್ಕದಲ್ಲಿ ರಿಯಾಯಿತಿ ಉಂಟೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಕಾಲೇಜುಗಳನ್ನು ನಡೆಸುವವರಿಗೂ ಇದರಲ್ಲಿ ಪಾಠವಿದೆ. ಉತ್ತರದ ಜಿಲ್ಲೆಯಿಂದ ಬಂದ ಮಗುವಿನ ಕನ್ನಡವನ್ನು ಕೇಳಿ ತರಗತಿಯಲ್ಲಿ ಯಾರೂ ನಗದಂತೆ ನೋಡಿಕೊಳ್ಳುವುದೂ ಶಿಕ್ಷಣ ಸೇವೆಯೇ. ಹೊಲಕ್ಕೆ ಬಂದ ಹಕ್ಕಿಗೆ ನೀರಿಟ್ಟ ಶರಣರ ಸೀಮೆಯ ಮಕ್ಕಳು ನಮ್ಮಲ್ಲಿಗೆ ಓದಲು ಬಂದಾಗ, ಅದೇ ಔದಾರ್ಯದಿಂದ ಅವರನ್ನು ಬರಮಾಡಿಕೊಳ್ಳೋಣ.